ಲಿಫ್ಟ್ ಮಾಡಿಸಿದ ಥಾರ್‌ಗೆ ಯಾವ ಶಾಕ್? ಹಿಂದಿನ ಸ್ಪ್ರಿಂಗ್ ಪ್ಲೇಟ್ ಏನು ಮಾಡಬೇಕು?

ಪ್ರಶ್ನೆ: ನನ್ನದು 2015ರ ಥಾರ್ ಸಿಆರ್‌ಡಿಇ. ಮೂಡಿಗೆರೆ ಹತ್ತಿರ ತೋಟ ಇದೆ. ಎರಡು ವರ್ಷದ ಹಿಂದೆ 2 ಇಂಚು ಲಿಫ್ಟ್ (ಎತ್ತರ) ಮಾಡಿಸಿದೆ. ಹಿಂದೆ ಒಂದು ಎಕ್ಸ್‌ಟ್ರಾ ಪ್ಲೇಟ್ (ಲೀಫ್ ಸ್ಪ್ರಿಂಗ್ ಪಟ್ಟಿ) ಸೇರಿಸಿ, ಪ್ಲೇಟಿನ ತುದಿಯನ್ನು ಚಾಸಿಗೆ ಜೋಡಿಸುವ ಶ್ಯಾಕಲ್ ಉದ್ದದ್ದು ಹಾಕಿದರು. ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸಲಾಕೆ) ಬಿಗಿ ಮಾಡಿದರು. ಶಾಕ್ (ಶಾಕ್ ಅಬ್ಸಾರ್ಬರ್) ಮಾತ್ರ ಕಂಪನಿಯದೇ. ಗಾಡಿ ಖಾಲಿ ಇದ್ದರೆ ಹಿಂಭಾಗ ಒದೆಯುತ್ತದೆ, ಗುಂಡಿಗೆ ಇಳಿದರೆ ‘ಠಣ್’ ಅನ್ನುತ್ತದೆ. ಕೊಯ್ಲಿನ ಸಮಯದಲ್ಲಿ ಐದಾರು ಮೂಟೆ ಕಾಫಿ ಹಾಕುತ್ತೇನೆ, ಆಗ ಪರವಾಗಿಲ್ಲ. ಈಗ ಹಿಂದಿನ ಎರಡೂ ಶಾಕ್ ಲೀಕ್. ರಿಸರ್ವಾಯರ್ (ಹೆಚ್ಚುವರಿ ಆಯಿಲ್ ಡಬ್ಬಿ) ಇರುವ ಶಾಕ್ ಹಾಕಿಸಿ ಅಂತ ಗ್ಯಾರೇಜಿನವರು ಹೇಳುತ್ತಿದ್ದಾರೆ. ಹಾಕಿಸಲಾ?

— ಓದುಗರು, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಸದ್ಯಕ್ಕೆ ಬೇಡ. ಶಾಕ್ ಕೊಳ್ಳುವ ಮೊದಲು ನಿಮಗೆ ಬೇಕಿರುವುದು ಒಂದು ಅಳತೆ ಟೇಪ್ ಮತ್ತು ವೇ ಬ್ರಿಡ್ಜ್‌ನ ಒಂದು ಚೀಟಿ.

ಭಾರ ಹೊರುವುದು ಪ್ಲೇಟ್. ಆ ಪ್ಲೇಟಿನ ಕುಣಿತ ತಡೆಯುವುದು ಶಾಕ್. ನಿಮ್ಮ ಗಾಡಿಯಲ್ಲಿ ಎರಡಕ್ಕೂ ತಾಳಮೇಳ ಇಲ್ಲ. ಪ್ಲೇಟ್ ಗಟ್ಟಿಯಾಯಿತು, ಗಾಡಿ ಮೇಲೆದ್ದಿತು, ಶಾಕ್ ಮಾತ್ರ ಹಳೇ ಉದ್ದದಲ್ಲೇ ಉಳಿಯಿತು. ಹಾಗಾಗಿ ಅದು ಲೀಕ್ ಆಗಿದ್ದರಲ್ಲಿ ಆಶ್ಚರ್ಯ ಇಲ್ಲ.

ಲೆಕ್ಕ ಹೀಗಿದೆ. ಉದಾಹರಣೆಗೆ, ಪೂರ್ತಿ ಮುಚ್ಚಿದಾಗ 330 ಮಿ.ಮೀ., ಪೂರ್ತಿ ಎಳೆದಾಗ 530 ಮಿ.ಮೀ. ಇರುವ ಒಂದು ಶಾಕ್ ಅಂದುಕೊಳ್ಳಿ. ಲಿಫ್ಟ್‌ಗೆ ಮುಂಚೆ ಗಾಡಿ ನಿಂತಾಗ ಅದು 430ರಲ್ಲಿ ಇತ್ತು. ಮೇಲಕ್ಕೆ 100, ಕೆಳಕ್ಕೆ 100, ಸರಿಯಾಗಿ ನಡುವೆ. ಗಾಡಿಯನ್ನು 50 ಮಿ.ಮೀ. ಎತ್ತಿದ ಕೂಡಲೇ ಅದು 480ಕ್ಕೆ ಬಂತು. ಈಗ ಚಕ್ರ ಗುಂಡಿಗೆ ಇಳಿಯಲು ಉಳಿದ ಜಾಗ 50 ಮಾತ್ರ. ಅದು ಮುಗಿದ ಮೇಲೆ ಆಕ್ಸಲ್‌ನ ಇಡೀ ಭಾರ ಶಾಕ್‌ನ ರಾಡಿಗೆ ನೇತುಬೀಳುತ್ತದೆ. ನಿಮಗೆ ಕೇಳಿಸುವ ‘ಠಣ್’ ಬಹುತೇಕ ಅದೇ. ದಿನಾ ಹೀಗೆ ಎಳೆದರೆ ಸೀಲ್ ಎಷ್ಟು ದಿನ ತಾನೇ ತಡೆದೀತು? ಮೂಟೆ ಹಾಕಿದಾಗ ಪರವಾಗಿಲ್ಲ ಅನ್ನಿಸುವುದೂ ಇದೇ ಕಾರಣಕ್ಕೆ. ಭಾರಕ್ಕೆ ಗಾಡಿ ಕುಳಿತು, ಶಾಕ್ ಮತ್ತೆ ನಡುವಿಗೆ ಬರುತ್ತದೆ.

ಇನ್ನು ಪ್ಲೇಟಿನ ವಿಷಯ. ಎಕ್ಸ್‌ಟ್ರಾ ಪ್ಲೇಟ್ ಅಂದರೆ ಏನು ಹಾಕಿದ್ದಾರೆ ಅಂತ ಮೊದಲು ಬಗ್ಗಿ ನೋಡಿ. ಗಿಡ್ಡ, ದಪ್ಪ, ಜಾಸ್ತಿ ಕಮಾನು ಇರುವ ಒಂದೇ ಪ್ಲೇಟ್ ತುರುಕಿದ್ದರೆ ಎತ್ತರವೇನೋ ಸಿಗುತ್ತದೆ, ಆದರೆ ಒತ್ತಡವೆಲ್ಲ ಅದರ ತುದಿ ಮುಟ್ಟುವ ಜಾಗದಲ್ಲೇ ಬೀಳುತ್ತದೆ. ಮೇಲಿನ ಪ್ಲೇಟ್ ಕಟ್ಟಾಗುವುದು ಅಲ್ಲೇ. ಖಾಲಿ ಗಾಡಿ ಒದೆಯುವುದಕ್ಕೂ ಮುಖ್ಯ ಕಾರಣ ಇದು.

ನಿಮಗೆ ಬೇಕಾದದ್ದು ಎರಡು ಸ್ವಭಾವದ ಸೆಟ್. ಮೇಲೆ ಉದ್ದದ, ತೆಳು ಪ್ಲೇಟ್‌ಗಳು. ಅಡಿಯಲ್ಲಿ ಹೆಚ್ಚುಕಮ್ಮಿ ಚಪ್ಪಟೆ ಇರುವ ಒಂದು ದಪ್ಪ ಪ್ಲೇಟ್. ಖಾಲಿ ಇದ್ದಾಗ ಮೇಲಿನವು ಮಾತ್ರ ಕೆಲಸ ಮಾಡುತ್ತವೆ. ಮೂಟೆ ಬಿದ್ದು ಗಾಡಿ ಕುಳಿತಾಗ ಅಡಿಯದ್ದು ಬಂದು ಸೇರಿಕೊಳ್ಳುತ್ತದೆ. ನಿಮ್ಮಲ್ಲಿ ಭಾರ ಇರುವುದು ಕೊಯ್ಲಿನ ಎರಡು ಮೂರು ತಿಂಗಳು ಮಾತ್ರ, ಅಲ್ವಾ? ವರ್ಷಪೂರ್ತಿ 300 ಕೆ.ಜಿ. ಹೊರುವ ಗಾಡಿಗೆ ಮಾಡಿದ ಸೆಟ್ ಹಾಕಿಸಿದರೆ ಉಳಿದ ತಿಂಗಳು ಬೆನ್ನು ನೋವೇ ಗತಿ.

ಅದಕ್ಕೇ ತೂಕದ ಚೀಟಿ ಕೇಳಿದ್ದು. ವೇ ಬ್ರಿಡ್ಜ್ ಮೇಲೆ ಹಿಂದಿನ ಎರಡು ಚಕ್ರ ಮಾತ್ರ ನಿಲ್ಲಿಸಿ ಒಮ್ಮೆ ಖಾಲಿ, ಒಮ್ಮೆ ಮೂಟೆ ಸಮೇತ ತೂಕ ಮಾಡಿಸಿ. ಒಳ್ಳೆಯ ಸ್ಪ್ರಿಂಗ್ ಕಂಪನಿಗಳು ಒಂದೇ ಗಾಡಿಗೆ ಎರಡು ಮೂರು ಭಾರಕ್ಕೆ ತಕ್ಕ ಹಾಗೆ ಬೇರೆ ಬೇರೆ ಸೆಟ್ ಮಾಡುತ್ತವೆ. ‘2 ಇಂಚು ಕಿಟ್ ಕೊಡಿ’ ಅಂದರೆ ಅಂಗಡಿಯವರು ಸ್ಟಾಕ್‌ನಲ್ಲಿ ಇದ್ದದ್ದನ್ನು ಕೊಡುತ್ತಾರೆ. ‘ಹಿಂದಿನ ಆಕ್ಸಲ್ ಮೇಲೆ ಖಾಲಿಯಲ್ಲಿ ಇಷ್ಟು, ತುಂಬಿದಾಗ ಇಷ್ಟು’ ಅಂದರೆ ಮಾತು ಬೇರೆಯೇ ಆಗುತ್ತದೆ.

ಉದ್ದದ ಶ್ಯಾಕಲ್ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇಲ್ಲ. 2 ಇಂಚು ಉದ್ದ ಮಾಡಿದರೆ ಗಾಡಿ ಏಳುವುದು ಸುಮಾರು 1 ಇಂಚು ಮಾತ್ರ. ಜೊತೆಗೆ ಡಿಫರೆನ್ಷಿಯಲ್ ಮೂತಿಯ ಕೋನ ಬದಲಾಗುತ್ತದೆ. ಒಂದು ವೇಗಕ್ಕೆ ಬಂದಾಗ ನೆಲದಿಂದ ಗುಂಯ್ ಅಂತ ಅದುರು ಬರುತ್ತಿದ್ದರೆ ಪ್ರೊಪೆಲ್ಲರ್ ಶಾಫ್ಟ್‌ನ ಯುಜೆ ಕ್ರಾಸ್ (ಶಾಫ್ಟ್ ತುದಿಯ ಕೀಲು) ನೋಡಿಸಿ. ಸರಿಯಾದ ಕಮಾನಿನ ಪ್ಲೇಟ್ ಸೆಟ್ ಬಂದ ಮೇಲೆ ಕಂಪನಿ ಅಳತೆಯ ಶ್ಯಾಕಲ್‌ಗೇ ವಾಪಸ್ ಹೋಗಬಹುದು. ಪ್ಲೇಟ್ ಬಿಚ್ಚಿದಾಗ ಅದನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್‌ಗಳನ್ನು ಹೊಸದಾಗಿಯೇ ಹಾಕಿಸಿ. ಒಮ್ಮೆ ಎಳೆದು ಬಿಗಿದ ಯು ಬೋಲ್ಟ್ ಮತ್ತೆ ಅದೇ ಬಿಗಿ ಹಿಡಿಯುವುದಿಲ್ಲ. 500 ಕಿ.ಮೀ. ಓಡಿಸಿದ ಮೇಲೆ ಮತ್ತೊಮ್ಮೆ ಟೈಟ್ ಮಾಡಿಸುವುದನ್ನು ಮರೆಯಬೇಡಿ. ಗ್ಯಾರೇಜಿನವರು ತಾವಾಗಿ ನೆನಪಿಸುವುದು ಅಪರೂಪ.

ಪ್ಲೇಟ್ ಕೂತು ಎತ್ತರ ನಿಕ್ಕಿ ಆದ ಮೇಲೆ ಶಾಕ್‌ನ ಅಳತೆ. ಮೇಲಿನ ಪಿನ್ನಿನಿಂದ ಕೆಳಗಿನ ಪಿನ್ನಿಗೆ ಮೂರು ಅಳತೆ ಬೇಕು. ಮಟ್ಟದ ನೆಲದಲ್ಲಿ ನಿಂತಾಗ ಒಂದು. ಶಾಕ್ ಬಿಚ್ಚಿ, ಚಾಸಿಯನ್ನು ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಆಕ್ಸಲ್ ಪೂರ್ತಿ ನೇತಾಡಿದಾಗ ಎರಡನೆಯದು. ಆಗಲೇ ಬ್ರೇಕ್ ಹೋಸ್ ನೋಡಿ. ತಂತಿಯ ಹಾಗೆ ಬಿಗಿದಿದ್ದರೆ ಉದ್ದದ ಹೋಸ್ ಹಾಕಿಸುವುದೇ ಮೊದಲ ಕೆಲಸ, ಶಾಕ್ ಆಮೇಲೆ. ಮೂರನೆಯದು ಪೂರ್ತಿ ಒತ್ತಿದಾಗಿನ ಅಳತೆ, ಅಂದರೆ ಆಕ್ಸಲ್ ಚಾಸಿಗೆ ಬಡಿಯದಂತೆ ತಡೆಯುವ ಬಂಪ್ ಸ್ಟಾಪರ್ ರಬ್ಬರ್ ಚಪ್ಪಟೆಯಾಗಿ ಇನ್ನು ಮೇಲೇಳಲು ಜಾಗವೇ ಇಲ್ಲ ಅನ್ನುವಾಗ.

ಈ ಮೂರನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಉದ್ದ ಬಿಚ್ಚಿಕೊಳ್ಳುವ ಶಾಕ್ ಮುಚ್ಚಿದಾಗಲೂ ಸ್ವಲ್ಪ ಉದ್ದವೇ ಇರುತ್ತದೆ. ರಬ್ಬರ್ ಚಪ್ಪಟೆಯಾದಾಗ ಪಿನ್ನಿನ ನಡುವೆ 345 ಮಿ.ಮೀ. ಇದೆ, ಹೊಸ ಶಾಕ್ ಮುಚ್ಚುವುದು 365ಕ್ಕೆ ಅಂದುಕೊಳ್ಳಿ. ರಬ್ಬರಿಗೆ ಬೀಳಬೇಕಾದ ಹೊಡೆತ ಶಾಕ್‌ಗೆ ಬೀಳುತ್ತದೆ. ಒಂದು ದಿನ ಶಾಕ್ ಒಳಗೇ ಒಡೆಯುತ್ತದೆ, ಇಲ್ಲವೇ ಮೌಂಟ್ ಕಿತ್ತು ಬರುತ್ತದೆ. ಬಂಪ್ ಸ್ಟಾಪರ್ ಅಡಿಗೆ 40 ಮಿ.ಮೀ. ಪ್ಯಾಕಿಂಗ್ ಕೊಟ್ಟರೆ ಅಳತೆ 385 ಆಗಿ, ಶಾಕ್‌ಗೆ 20 ಮಿ.ಮೀ. ಉಸಿರಾಡಲು ಸಿಗುತ್ತದೆ. ಈ ಅಂಕಿಗಳೆಲ್ಲ ಉದಾಹರಣೆಗೆ ಮಾತ್ರ, ನಿಮ್ಮ ಗಾಡಿಯನ್ನು ನೀವೇ ಅಳೆಯಬೇಕು. ಶಾಕ್ ಎಷ್ಟು ವಾಲಿದೆ ಅಂತಲೂ ನೋಡಿ. ನೆಟ್ಟಗೆ ನಿಂತ ಶಾಕ್‌ಗೆ ಹೋಲಿಸಿದರೆ 30 ಡಿಗ್ರಿ ವಾಲಿದ ಅದೇ ಶಾಕ್‌ನ ಹಿಡಿತ ಮುಕ್ಕಾಲು ಭಾಗದಷ್ಟೇ.

ಇಷ್ಟಾದ ಮೇಲೆ ಯಾವ ಬಗೆಯ ಶಾಕ್ ಅನ್ನುವ ಮಾತು. ಮೋನೋ ಟ್ಯೂಬ್‌ನಲ್ಲಿ ಒಂದೇ ಕೊಳವೆ. ಬಿಲ್‌ಸ್ಟೀನ್ ಕಂಪನಿ ಹೆಸರು ಮಾಡಿದ್ದು ಇದರಲ್ಲೇ. ಬಿಸಿ ಬೇಗ ಹೊರಗೆ ಹೋಗುತ್ತದೆ, ಹಿಡಿತ ಚೊಕ್ಕ. ಆದರೆ ಪಿಸ್ಟನ್ ಓಡುವುದು ಹೊರಗಿನ ಗೋಡೆಗೆ ತಾಗಿಕೊಂಡೇ. ತೋಟದ ದಾರಿಯ ಒಂದು ಕಲ್ಲು ಬಡಿದು ತಗ್ಗು ಬಿದ್ದರೆ ಕಥೆ ಮುಗಿಯಿತು. ಟ್ವಿನ್ ಟ್ಯೂಬ್‌ನಲ್ಲಿ ಕೊಳವೆಯೊಳಗೆ ಇನ್ನೊಂದು ಕೊಳವೆ. ಹೊರಗಿನದು ಸ್ವಲ್ಪ ನೆಗ್ಗಿದರೂ ಕೆಲಸ ನಡೆಯುತ್ತದೆ. ಆಯಿಲ್ ನೊರೆ ಬರದ ಹಾಗೆ ಓಲ್ಡ್ ಮ್ಯಾನ್ ಇಮು ಕಂಪನಿಯ ನೈಟ್ರೋಚಾರ್ಜರ್‌ನಲ್ಲಿ ನೈಟ್ರೋಜನ್ ತುಂಬಿರುತ್ತಾರೆ. ಐರನ್‌ಮ್ಯಾನ್, ಟಫ್ ಡಾಗ್‌ನವರ ಫೋಮ್ ಸೆಲ್ ಶಾಕ್‌ಗಳಲ್ಲಿ ಆ ಕೆಲಸವನ್ನು ಫೋಮ್ ಮಾಡುತ್ತದೆ. ನಿಮ್ಮ ಕಲ್ಲು, ಕೆಸರು, ನಿಧಾನದ ಓಟಕ್ಕೆ ದಪ್ಪ ಬೋರಿನ ಟ್ವಿನ್ ಟ್ಯೂಬ್ ಅಥವಾ ಫೋಮ್ ಸೆಲ್ ಸಾಕು.

ರಿಸರ್ವಾಯರ್ ಇರುವುದು ಹೆಚ್ಚು ಆಯಿಲ್ ಹಿಡಿಯಲು, ಬಿಸಿ ತಡೆಯಲು. ಮರಳುಗಾಡಿನಲ್ಲಿ, ಗಂಟೆಗಟ್ಟಲೆ ಗರಗಸದ ಹಲ್ಲಿನಂಥ ಮಣ್ಣು ರಸ್ತೆಯಲ್ಲಿ ವೇಗವಾಗಿ ಓಡಿಸುವವರಿಗೆ ಅದರ ಬೆಲೆ ಗೊತ್ತಾಗುತ್ತದೆ. ಫಸ್ಟ್ ಗೇರಿನಲ್ಲಿ ತೋಟದ ಏರು ಹತ್ತುವಾಗ ಶಾಕ್ ಬಿಸಿಯೇ ಆಗುವುದಿಲ್ಲ. ಸುಮ್ನೆ ದುಡ್ಡು ದಂಡ. ನೋಡಲು ಚಂದ ಅನ್ನುವುದನ್ನು ಮಾತ್ರ ಒಪ್ಪುತ್ತೇನೆ.

ಮುಂದಿನ ಟಾರ್ಷನ್ ಬಾರ್ ಬಗ್ಗೆ ಒಂದೇ ಮಾತು: ಬಿಗಿ ಮಾಡಿದರೆ ಬಾರ್ ಗಟ್ಟಿಯಾಗುವುದಿಲ್ಲ, ಎತ್ತರ ಏರುತ್ತದೆ, ಕೆಳಕ್ಕೆ ಇಳಿಯುವ ಜಾಗ ಅಷ್ಟೇ ಕಡಿಮೆ ಆಗುತ್ತದೆ. ಬಾಲ್ ಜಾಯಿಂಟ್ ಮತ್ತು ಡ್ರೈವ್ ಶಾಫ್ಟ್ ಬೂಟ್ ಹರಿದಿದೆಯೇ ನೋಡಿ, ಅರ್ಧ ಇಂಚಾದರೂ ಇಳಿಸಿ.

ಕಾನೂನಿನ ಮಾತೂ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಆಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಏನು ಮಾಡಿಸುವ ಮೊದಲೂ ಆರ್‌ಟಿಒ ಮತ್ತು ಇನ್ಶೂರೆನ್ಸ್‌ನವರನ್ನು ಕೇಳಿಕೊಳ್ಳಿ. ಅಪಘಾತ ಆದಮೇಲೆ ಕ್ಲೇಮ್ ನಿಂತುಹೋದರೆ ಯಾವ ಶಾಕೂ ಕಾಪಾಡುವುದಿಲ್ಲ.

ಪ್ರಶ್ನೆ: 5 ಬಾಗಿಲಿನ ಜಿಮ್ನಿಗೆ 2 ಇಂಚು ಎತ್ತರದ ಕಾಯಿಲ್ ಸ್ಪ್ರಿಂಗ್ ಹಾಕಿಸಿದ್ದೇನೆ. ಹೈವೇಯಲ್ಲಿ ಸ್ಟೀರಿಂಗ್ ತೇಲಿದ ಹಾಗೆ ಆಗುತ್ತದೆ. ಮೇಲೆ ರೂಫ್ ಕ್ಯಾರಿಯರ್ ಇದೆ. ನಾಲ್ಕು ಜನ ಲಡಾಖ್‌ಗೆ ಹೊರಟಿದ್ದೇವೆ. ಹಿಂದೆ ಇನ್ನೂ ಗಟ್ಟಿ ಸ್ಪ್ರಿಂಗ್, ಹೊಸ ಶಾಕ್ ಹಾಕಿಸಿದರೆ ಸರಿಹೋಗುತ್ತದಾ?

— ಓದುಗರು, ಬೆಂಗಳೂರು

ಉತ್ತರ: ತೇಲುವುದಕ್ಕೂ ಹಿಂದಿನ ಶಾಕ್‌ಗೂ ಸಂಬಂಧ ಕಡಿಮೆ. ಜಿಮ್ನಿಯ ಮುಂದೆ ಹಿಂದೆ ಎರಡೂ ಕಡೆ ಇಡೀ ಆಕ್ಸಲ್. ಗಾಡಿ ಎತ್ತಿದಾಗ ಮುಂದಿನ ಆಕ್ಸಲ್ ಸ್ವಲ್ಪ ತಿರುಗಿ ಕ್ಯಾಸ್ಟರ್ ಕೋನ (ಮುಂದಿನ ಚಕ್ರ ಹೊರಳುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆ ಆಗುತ್ತದೆ. ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವ ಗುಣ ಹೋಗುವುದು ಅದರಿಂದ. ಕ್ಯಾಸ್ಟರ್ ತಿದ್ದುವ ಬುಷ್ ಸಿಗುತ್ತದೆ, ಅದನ್ನು ಹಾಕಿಸಿ ಅಲೈನ್‌ಮೆಂಟ್ ಮಾಡಿಸಿ. ಆಕ್ಸಲ್‌ಗಳು ಒಂದು ಪಕ್ಕಕ್ಕೆ ಸರಿದಿರುತ್ತವೆ. ಅದಕ್ಕೆ ಉದ್ದ ಹೊಂದಿಸಬಹುದಾದ ಲ್ಯಾಟರಲ್ ರಾಡ್ (ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಸಲಾಕೆ) ಬೇಕು.

ಆದರೆ ನಿಮ್ಮ ಪ್ರಶ್ನೆಯಲ್ಲಿ ನನಗೆ ಚಿಂತೆ ಆಗಿದ್ದು ಭಾರ. ಈ ಗಾಡಿಯ ಖಾಲಿ ತೂಕ ಸುಮಾರು 1,200 ಕೆ.ಜಿ. ಕಂಪನಿ ಒಪ್ಪುವ ಒಟ್ಟು ತೂಕ 1,545 ಕೆ.ಜಿ. ತಲಾ 70 ಕೆ.ಜಿ.ಯ ನಾಲ್ಕು ಜನ ಅಂದರೆ 280 ಆಯಿತು. ಉಳಿದದ್ದು 65 ಕೆ.ಜಿ. ಅದರೊಳಗೆ ಕ್ಯಾರಿಯರ್, ಡಬ್ಬದ ಪೆಟ್ರೋಲ್, ಟೆಂಟ್, ಬ್ಯಾಗು ಎಲ್ಲ ಬರಬೇಕು. ಗಟ್ಟಿ ಸ್ಪ್ರಿಂಗ್ ಹಾಕಿದರೆ ಗಾಡಿಯ ಹಿಂಭಾಗ ಕುಸಿಯುವುದಿಲ್ಲ, ಅಷ್ಟೇ. ಬ್ರೇಕು, ಆಕ್ಸಲ್, ಬೇರಿಂಗ್ ಹಳೆಯವೇ ಇರುತ್ತವೆ. ಕುಸಿದ ಗಾಡಿ ಕಣ್ಣಿಗಾದರೂ ಕಾಣುತ್ತದೆ, ಗಟ್ಟಿ ಸ್ಪ್ರಿಂಗ್ ಆ ಎಚ್ಚರಿಕೆಯನ್ನೂ ಮುಚ್ಚಿಹಾಕುತ್ತದೆ. ಕ್ಯಾರಿಯರ್ ಬಿಚ್ಚಿಡಿ, ಇಲ್ಲವೇ ಮೂರೇ ಜನ ಹೋಗಿ. ಶಾಕ್ ಬದಲಾಯಿಸುವುದಾದರೆ ನಾಲ್ಕನ್ನೂ ಈಗಿನ ಎತ್ತರಕ್ಕೆ ಅಳೆದು ಒಟ್ಟಿಗೆ ಹಾಕಿಸಿ. ಲಡಾಖ್‌ನ ಉದ್ದುದ್ದ ಮಣ್ಣು ರಸ್ತೆಗೆ ಮೋನೋ ಟ್ಯೂಬ್ ಯೋಚಿಸಬಹುದು.

ಪ್ರಶ್ನೆ: ಶಾಕ್ ಹೋಗಿದೆಯಾ ಇಲ್ಲವಾ ಅಂತ ಮನೆಯಲ್ಲೇ ತಿಳಿಯುವುದು ಹೇಗೆ?

— ಓದುಗರು, ಶಿರಸಿ

ಉತ್ತರ: ಬಾನೆಟ್ ಒತ್ತಿ ಬಿಡುವ ಪರೀಕ್ಷೆ ಲೀಫ್ ಸ್ಪ್ರಿಂಗ್ ಗಾಡಿಯಲ್ಲಿ ಹೆಚ್ಚು ಏನೂ ಹೇಳುವುದಿಲ್ಲ. ಪ್ಲೇಟ್‌ಗಳ ನಡುವಿನ ಉಜ್ಜಾಟವೇ ಕುಣಿತ ತಡೆದುಬಿಡುತ್ತದೆ. ರಾಡಿನ ಬಳಿ ತೆಳ್ಳಗೆ ಆಯಿಲ್ ಪಸೆ ಇದ್ದರೆ ಗಾಬರಿ ಬೇಡ. ಮೈಮೇಲೆ ಹರಿದು ಧೂಳು ಮೆತ್ತಿಕೊಂಡಿದ್ದರೆ ಹೋಗಿದೆ ಅಂತಲೇ. ಕೆಟ್ಟ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ ನಿಲ್ಲಿಸಿ, ಹುಷಾರಾಗಿ ಕೈಹಿಂಬದಿ ಹತ್ತಿರ ಹಿಡಿದು ನೋಡಿ. ಒಂದೇ ಆಕ್ಸಲ್‌ನ ಎರಡು ಶಾಕ್‌ಗಳಲ್ಲಿ ಒಂದು ಬಿಸಿ, ಇನ್ನೊಂದು ತಣ್ಣಗೆ ಇದ್ದರೆ ತಣ್ಣಗಿರುವುದು ಕೆಲಸ ಮಾಡುತ್ತಿಲ್ಲ. ಬದಲಾಯಿಸುವಾಗ ಆ ಆಕ್ಸಲ್‌ನ ಎರಡನ್ನೂ ಬದಲಾಯಿಸಿ. ಬುಷ್ ಬೋಲ್ಟ್‌ಗಳನ್ನು ಗಾಡಿ ನೆಲದ ಮೇಲೆ ನಿಂತಾಗಲೇ ಕೊನೆಯ ಟೈಟ್ ಮಾಡಿಸಿ. ನೇತಾಡುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ.