ಒಬ್ಬರಿಗೆ ಸಿಕ್ಕ ಶಿಫ್ಟ್ ಇನ್ನೊಬ್ಬರಿಗೆ ಏಕಿಲ್ಲ?

ಗಿಣಿಗೇರಾ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ಸ್ಪಾಂಜ್ ಐರನ್ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ. ಅಯ್ಯಪ್ಪ ಮಾಲೆ ಹಾಕಿದ ಗೆಳೆಯನಿಗೆ ಶಿಫ್ಟ್ ಬದಲಿಸಿಕೊಟ್ಟ ಸೂಪರ್‌ವೈಸರ್, ರಂಜಾನ್ ರೋಜಾಕ್ಕೆ ನಾನು ಕೇಳಿದಾಗ “ಬೇಕಾದ್ರ ಕೆಲಸ ಬಿಡು” ಅಂದರು. ಇದಕ್ಕೆ ಕಾನೂನು ಇಲ್ಲವೇ?’

ನಿಮಗಾದದ್ದು ಅನ್ಯಾಯವೇ. ಆದರೆ ಅರ್ಜಿಯ ಮಾತು ಸರಿಯಿರಬೇಕು. ಸಂವಿಧಾನದ 16ನೇ ವಿಧಿ ಸರ್ಕಾರಿ ನೌಕರಿಗೆ ಸಂಬಂಧಿಸಿದ್ದು. ಖಾಸಗಿ ಮಾಲೀಕರು ಧರ್ಮಾಚರಣೆಗೆ ಅನುಕೂಲ ಮಾಡಿಕೊಡಲೇಬೇಕೆನ್ನುವ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. ಹಾಗಾಗಿ ‘ರಂಜಾನಿಗೆ ಶಿಫ್ಟ್ ಕೊಡಲಿಲ್ಲ’ ಎಂದಷ್ಟೇ ಬರೆದರೆ ಸಾಲದು; ‘ಅವರಿಗೆ ಕೊಟ್ಟದ್ದನ್ನು ನನಗೆ ಕೊಡಲಿಲ್ಲ’ ಎಂದು ತಾರೀಖಿನ ಸಮೇತ ಬರೆಯಿರಿ. ಅರ್ಹತೆ ನೋಡದೆ ಕೆಲವು ಕಾರ್ಮಿಕರಿಗಷ್ಟೇ ಪಕ್ಷಪಾತ ತೋರುವುದನ್ನು ಕಾರ್ಮಿಕ ಕಾನೂನು ಅನುಚಿತ ಪದ್ಧತಿ ಎಂದೇ ಕರೆಯುತ್ತದೆ. ಗೆಳೆಯನಿಗೆ ಸಿಕ್ಕ ಅನುಕೂಲ ತಪ್ಪಿಹೋಗುವಂತೆ ಮಾತ್ರ ಬರೆಯಬೇಡಿ.

ರಂಜಾನಿಗೆ ಹದಿನೈದು ದಿನ ಇರುವಾಗಲೇ ಅರ್ಜಿ ಕೊಡಿ. ಒಂದು ಪ್ರತಿ ಗುತ್ತಿಗೆದಾರರಿಗೆ, ಇನ್ನೊಂದು ಕಂಪನಿಗೆ. ನಿಮ್ಮ ಪ್ರತಿಯ ಮೇಲೆ ತಲುಪಿದ್ದಕ್ಕೆ ಸಹಿ ಪಡೆಯಿರಿ. ಶಿಫ್ಟ್ ಅದಲುಬದಲಿಗೆ ಒಪ್ಪಿದವರ ಸಹಿಯೂ ಅದರಲ್ಲೇ ಇದ್ದರೆ ‘ಆಳು ಇಲ್ಲ’ ಎನ್ನಲು ಬರುವುದಿಲ್ಲ. ಕಿಲ್ನ್ (ಕುಲುಮೆ) ಬಿಸಿಗೆ ಹಗಲೆಲ್ಲ ನೀರಿಲ್ಲದೆ ನಿಲ್ಲುವುದು ಅಪಾಯ, ತಲೆಸುತ್ತಿ ಬಿದ್ದರೆ ಜೀವಕ್ಕೇ ಕುತ್ತು. ಆದ್ದರಿಂದ ರಾತ್ರಿ 10ರಿಂದ 6ರ ಪಾಳಿ ಕೇಳಿ. ಸಹರಿ (ನಸುಕಿನ ಊಟ) ಮುಗಿಯುವವರೆಗೆ ನೀರು ಕುಡಿಯಬಹುದು. 2ರಿಂದ 10ರ ಪಾಳಿಯೇ ಗಟ್ಟಿಯಾದರೆ ಅರ್ಧ ಗಂಟೆಯ ಊಟದ ವಿರಾಮವನ್ನು ಇಫ್ತಾರ್ ಹೊತ್ತಿಗೆ ಕೇಳಿ. ಫೆಬ್ರುವರಿ–ಮಾರ್ಚ್‌ನಲ್ಲಿ ನಮ್ಮ ಕಡೆ ಹೊತ್ತು ಮುಳುಗುವುದು ಆರೂವರೆ ಆಸುಪಾಸು.

ಸುರಕ್ಷತೆಯ ವಿಷಯದಲ್ಲಿ ಮಾತ್ರ ಕಂಪನಿ ‘ಆಗದು’ ಎಂದರೆ ಒಪ್ಪಬೇಕು. ಮಾಲಾಧಾರಿಗಳನ್ನು ಬರಿಗಾಲಲ್ಲಿ ಪ್ಲಾಂಟಿನೊಳಗೆ ಬಿಡಲಾಗದು, ಸ್ಟೋರಿಗೆ ಹಾಕಬಹುದು. ಕನ್ವೇಯರ್ ಬಳಿ ಲಿಂಗದ ಕರಡಿಗೆಯ ದಾರ, ತಾಯಿತ, ದುಪಟ್ಟಾ ಯಾವುದೇ ಇರಲಿ, ಅಂಗಿಯೊಳಗೆ ಸೇರಿರಬೇಕು. ನಿಯಮ ಎಲ್ಲರಿಗೂ ಒಂದೇ ಆಗಿರಬೇಕು, ಅಷ್ಟೇ.

ಹಬ್ಬದ ರಜೆಗೆ ಮಾತ್ರ ಗಟ್ಟಿ ಕಾನೂನಿದೆ: ಕರ್ನಾಟಕದ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ. ಐದು ರಾಷ್ಟ್ರೀಯ, ನಾಡಿನ ದಿನಗಳ ಜತೆ ಐದು ಹಬ್ಬಗಳಿಗೂ ಸಂಬಳ ಸಹಿತ ರಜೆ. ಆ ಹಬ್ಬಗಳು ಯಾವುವೆಂದು ಗೊತ್ತುಮಾಡುವಾಗ ಕಾರ್ಮಿಕರನ್ನೂ ಕೇಳಬೇಕು. ಈದ್ ಆ ಪಟ್ಟಿಯಲ್ಲಿದೆಯೇ ನೋಡಿ, ಇಲ್ಲದಿದ್ದರೆ ಮುಂದಿನ ಪಟ್ಟಿಗೆ ಸೇರಿಸಲು ಈಗಲೇ ಕೇಳಿ. ರಜೆಯ ದಿನ ದುಡಿಸಿಕೊಂಡರೆ ಎರಡು ಪಟ್ಟು ಕೂಲಿ, ಇಲ್ಲವೇ ಆ ದಿನದ ಕೂಲಿಯ ಜತೆ ಬೇರೊಂದು ದಿನ ಸಂಬಳದ ರಜೆ ಕೊಡಬೇಕು.

ಅರ್ಜಿಗೆ ಉತ್ತರ ಬಾರದಿದ್ದರೆ ಅದರ ಪ್ರತಿಯೊಂದಿಗೆ ಕೊಪ್ಪಳದ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ಅಲ್ಲಿಯವರೆಗೆ ಸಿಟ್ಟಿನಲ್ಲಿ ಗೈರಾಗಬೇಡಿ: ನಿಮ್ಮ ದೂರು ಹಿಂದೆ ಸರಿದು ನಿಮ್ಮ ಗೈರುಹಾಜರಿಯೇ ವಿಚಾರಣೆಯ ವಿಷಯವಾದೀತು. ಖಾಲಿ ಹಾಳೆಗೆ ಸಹಿಯನ್ನಂತೂ ಹಾಕಲೇಬೇಡಿ.

– ಸಂಪಾದಕರು