ಒಬಾಮ ಅರ್ಧ ಬಿಳಿಯರಲ್ವಾ? ಮತ್ತೆ ಎಲ್ಲರೂ ‘ಕಪ್ಪು ಅಧ್ಯಕ್ಷ’ ಅಂತ ಯಾಕೆ ಕರೆಯುತ್ತಾರೆ?

ನಿಮ್ಮ ಲೆಕ್ಕ ಸರಿಯಾಗೇ ಇದೆ. ತಂದೆ ಕೀನ್ಯಾದವರು, ತಾಯಿ ಅಮೆರಿಕದ ಬಿಳಿ ಹೆಂಗಸು. ಆದರೆ ಜನಾಂಗದ ಹಣೆಪಟ್ಟಿ ಹಚ್ಚುವವರು ಭಾಗಾಕಾರ ಮಾಡುತ್ತಾ ಕೂರುವುದಿಲ್ಲ. ಹಚ್ಚಿದರೆ ಯಾರಿಗೇನು ಲಾಭ ಅಂತ ನೋಡುತ್ತಾರೆ. ನಾನು ಈ ವಿಷಯ ಓದಿದಷ್ಟೂ ನನಗೆ ಅನ್ನಿಸಿದ್ದು ಇದೇ.

ಈಗ ಅಮೆರಿಕದ ಒಂದು ರಾಜ್ಯವಾಗಿರುವ ವರ್ಜೀನಿಯಾ ಬ್ರಿಟಿಷರ ವಸಾಹತಾಗಿದ್ದ ಕಾಲ. 1662ರಲ್ಲಿ ಅಲ್ಲೊಂದು ಕಾನೂನು ಬಂತು. ತಾಯಿ ಗುಲಾಮಳಾಗಿದ್ದರೆ ಮಗುವೂ ಗುಲಾಮ, ತಂದೆ ಯಾರೇ ಆಗಿರಲಿ. ಇಂಗ್ಲಿಷರ ರೂಢಿಯಲ್ಲಿ ಮನೆತನ, ಆಸ್ತಿ ಎಲ್ಲ ತಂದೆಯ ಕಡೆಯಿಂದ ಬರುತ್ತಿತ್ತು. ಇಲ್ಲಿ ಮಾತ್ರ ಉಲ್ಟಾ. ಯಾಕೆ ಅಂತ ಊಹಿಸುವುದು ಕಷ್ಟವಲ್ಲ. ಯಜಮಾನನಿಂದ ಗುಲಾಮ ಹೆಂಗಸಿಗೆ ಮಗು ಹುಟ್ಟಿದರೆ ಅದು ಅವನ ವಾರಸುದಾರ ಆಗುವುದಿಲ್ಲ, ಅವನ ಆಸ್ತಿ ಆಗುತ್ತದೆ. ತನ್ನದೇ ಮಗುವನ್ನು ಮಾರಿದರೂ ಕೇಳುವವರಿರಲಿಲ್ಲ.

ಗುಲಾಮಗಿರಿ ಹೋದ ಮೇಲೆ ಈ ಯೋಚನೆ ಇನ್ನೂ ಬಿಗಿಯಾಯಿತು. ‘ಒಂದೇ ಹನಿ’ ನಿಯಮ ಅಂತ ಕೇಳಿರಬಹುದು. ವಂಶದಲ್ಲಿ ಎಲ್ಲೋ ಒಬ್ಬರು ಕಪ್ಪು ಜನ ಇದ್ದರೂ ಸಾಕು, ನೀವು ಕಪ್ಪು. 1924ರಲ್ಲಿ ವರ್ಜೀನಿಯಾ ಇದನ್ನು ಕಾನೂನಿನ ಪುಸ್ತಕಕ್ಕೇ ಸೇರಿಸಿತು. ಇಲ್ಲೊಂದು ತಮಾಷೆ ಇದೆ. ಅಲ್ಲಿನ ದೊಡ್ಡ ದೊಡ್ಡ ಮನೆತನಗಳು ‘ನಾವು ಪೊಕಾಹೊಂಟಸ್ ವಂಶದವರು’ ಅಂತ ಹೆಮ್ಮೆ ಪಡುತ್ತಿದ್ದವು. ಆಕೆ ಮೂಲನಿವಾಸಿ ಹೆಂಗಸು. ಹನಿ ಲೆಕ್ಕ ಹಿಡಿದರೆ ಇವರೂ ಬಿಳಿಯರಲ್ಲ! ಅದಕ್ಕೇ ಹದಿನಾರರಲ್ಲಿ ಒಂದು ಪಾಲಿನವರೆಗೆ ಮೂಲನಿವಾಸಿ ರಕ್ತ ಇದ್ದರೆ ಪರವಾಗಿಲ್ಲ ಅಂತ ವಿನಾಯಿತಿ ಬರೆದುಕೊಂಡರು. ರಕ್ತದ ಶುದ್ಧಿ ಅಂದರೆ ಇಷ್ಟೇ ನೋಡಿ.

ಬಿಳಿಯರು ಮತ್ತು ಬೇರೆಯವರ ನಡುವಿನ ಮದುವೆಗೆ ಇದ್ದ ನಿಷೇಧವನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು 1967ರಲ್ಲಿ. ಒಬಾಮ ಹುಟ್ಟಿದ್ದು 1961ರಲ್ಲಿ, ಹವಾಯಿಯಲ್ಲಿ. ಆಗ ಅವರ ತಂದೆ ತಾಯಿಯ ಮದುವೆ ಎಷ್ಟೋ ರಾಜ್ಯಗಳಲ್ಲಿ ಅಪರಾಧವಾಗುತ್ತಿತ್ತು.

ಇನ್ನು ಅವರು ತಮ್ಮನ್ನು ತಾವು ಏನೆಂದುಕೊಳ್ಳುತ್ತಾರೆ? 2000ದಿಂದ ಅಮೆರಿಕದ ಜನಗಣತಿಯಲ್ಲಿ ಒಂದಕ್ಕಿಂತ ಜಾಸ್ತಿ ಜನಾಂಗಕ್ಕೆ ಗುರುತು ಹಾಕಬಹುದು. 2010ರಲ್ಲಿ ಅಧ್ಯಕ್ಷರಾಗಿದ್ದ ಒಬಾಮ ಹಾಕಿದ್ದು ಒಂದೇ ಗುರುತು, ಕಪ್ಪು ಅಂತ. ತಾಯಿಯನ್ನು ಮರೆತರು ಅಂತ ಕೆಲವರು ಟೀಕೆ ಮಾಡಿದರು. ನನಗೆ ಆ ಟೀಕೆ ಸುಮ್ನೆ ಮಾತು ಅನ್ನಿಸುತ್ತದೆ. ಬೀದಿಯಲ್ಲಿ ನೋಡಿದವರೆಲ್ಲ ಜೀವನವಿಡೀ ನಿಮ್ಮನ್ನು ಕಪ್ಪು ಅಂತಲೇ ನಡೆಸಿಕೊಂಡಿದ್ದರೆ ನಿಮ್ಮ ಬದುಕಿನ ಅನುಭವವೂ ಅದೇ ಆಗುತ್ತದೆ. ಅದರಲ್ಲಿ ಸ್ವಂತ ಆಯ್ಕೆ ಎಷ್ಟು, ಹೊರಗಿನವರ ಒತ್ತಾಯ ಎಷ್ಟು ಅಂತ ಬಿಡಿಸಿ ಹೇಳಲು ಆಗುವುದಿಲ್ಲ.

ಅಮೆರಿಕದ ಗಾಲ್ಫ್ ಆಟಗಾರ ಟೈಗರ್ ವುಡ್ಸ್ ಬೇರೆ ದಾರಿ ಹಿಡಿದರು. ಅವರ ತಾಯಿ ಥಾಯ್ಲೆಂಡಿನವರು. 1997ರಲ್ಲಿ ಟಿವಿಯಲ್ಲಿ ತಮ್ಮ ಮೂಲಗಳನ್ನೆಲ್ಲ ಸೇರಿಸಿ ತಾವೇ ಕಟ್ಟಿದ ‘ಕ್ಯಾಬ್ಲಿನೇಷಿಯನ್’ ಅನ್ನುವ ಪದ ಹೇಳಿದರು. ಕೆಲವರು ನಕ್ಕರು, ಕೆಲವು ಕಪ್ಪು ಜನರಿಗೆ ಬೇಸರವೂ ಆಯಿತು. ಪತ್ರಿಕೆಗಳು ಮಾತ್ರ ಕಪ್ಪು ಆಟಗಾರ ಅಂತಲೇ ಬರೆದವು.

ಗಡಿ ದಾಟಿದರೆ ಹಣೆಪಟ್ಟಿಯೂ ಬದಲಾಗುತ್ತದೆ. ಬ್ರೆಜಿಲ್‌ನಲ್ಲಿ ಮಿಶ್ರ ಮೂಲದವರಿಗೆ ‘ಪಾರ್ದು’ ಅಂತ ಬೇರೆಯೇ ಗುಂಪಿದೆ, ಮತ್ತು ಅದು ಸಣ್ಣ ಗುಂಪೇನಲ್ಲ. 2022ರ ಜನಗಣತಿಯಲ್ಲಿ ಶೇ. 45.3ರಷ್ಟು ಜನ ಅದನ್ನೇ ಬರೆಸಿದರು, ಬಿಳಿಯರಿಗಿಂತ ಜಾಸ್ತಿ. ದಕ್ಷಿಣ ಆಫ್ರಿಕಾದಲ್ಲೂ ‘ಕಲರ್ಡ್’ ಅಂತ ಬೇರೆ ಗುಂಪಿತ್ತು, ಆದರೆ ಅದು ಜನ ಆರಿಸಿಕೊಂಡದ್ದಲ್ಲ. 1950ರ ಕಾನೂನಿನ ಪ್ರಕಾರ ಯಾರು ಯಾವ ಜನಾಂಗ ಅಂತ ಸರ್ಕಾರವೇ ಬರೆಯುತ್ತಿತ್ತು. ಅನುಮಾನ ಬಂದರೆ ಕೂದಲಿಗೆ ಪೆನ್ಸಿಲ್ ಸಿಕ್ಕಿಸಿ ನೋಡುತ್ತಿದ್ದರು. ಕೆಳಗೆ ಬಿದ್ದರೆ ಬಿಳಿ, ಅಲ್ಲೇ ನಿಂತರೆ ಅಲ್ಲ. ಒಂದೇ ಮನೆಯ ಮಕ್ಕಳು ಬೇರೆ ಬೇರೆ ಜನಾಂಗವಾದದ್ದೂ ಉಂಟು. ಆಮೇಲೆ ಎಲ್ಲಿ ವಾಸ, ಯಾವ ಶಾಲೆ, ಯಾರ ಜೊತೆ ಮದುವೆ ಎಲ್ಲವೂ ಅದರ ಮೇಲೇ. ಆ ಕಾನೂನು ರದ್ದಾಗಿದ್ದು 1991ರಲ್ಲಿ.

ನಮ್ಮ ಸಂವಿಧಾನದಲ್ಲೂ ಆಂಗ್ಲೋ-ಇಂಡಿಯನ್ ಅಂದರೆ ಯಾರು ಅಂತ ಬರೆದಿದೆ, 366ನೇ ವಿಧಿಯಲ್ಲಿ. ಯುರೋಪಿನ ಮೂಲ ತಂದೆಯ ಕಡೆಯಿಂದ ಬಂದಿರಬೇಕು. ತಾಯಿ ಮಾತ್ರ ಇಂಗ್ಲೆಂಡಿನವಳಾದರೆ ಲೆಕ್ಕಕ್ಕಿಲ್ಲ. ವರ್ಜೀನಿಯಾದ್ದು ತಾಯಿಯ ಲೆಕ್ಕ, ಇಲ್ಲಿಯದು ತಂದೆಯದು!

ಕೊನೆಯದಾಗಿ ಒಂದು ಅಂಕಿ. ಅಮೆರಿಕದಲ್ಲಿ 2010ರಲ್ಲಿ ಸುಮಾರು 90 ಲಕ್ಷ ಜನ ಮಿಶ್ರ ಜನಾಂಗದವರೆಂದು ಲೆಕ್ಕಕ್ಕೆ ಬಂದಿದ್ದರು. 2020ರಲ್ಲಿ 3 ಕೋಟಿ 38 ಲಕ್ಷ. ಹತ್ತು ವರ್ಷದಲ್ಲಿ ಅಷ್ಟು ಮಕ್ಕಳೇನೂ ಹುಟ್ಟಲಿಲ್ಲ. ಫಾರಂನಲ್ಲಿ ಮೂಲ ಬರೆಯಲು ಜಾಸ್ತಿ ಜಾಗ ಕೊಟ್ಟರು, ಬರೆದದ್ದನ್ನು ಎಣಿಸುವ ವಿಧಾನವನ್ನೂ ಬದಲಾಯಿಸಿದರು.