ಮಳೆಯ ಮೇಲೆ ಗೂಬೆ ಕೂರಿಸಬೇಡಿ, ರೂಟ್ ಟೇಬಲ್ ನೋಡಿ

ಜೂನ್ ಬಂತು ಅಂದ್ರೆ ಈ ಅಂಕಣಕ್ಕೆ ಒಂದೇ ಥರದ ಪ್ರಶ್ನೆಗಳು. ಬ್ರಾಂಚ್ ಲಿಂಕ್ ಬೀಳುತ್ತಿದೆ ಸಾರ್, ಇಲ್ಲಿ ಜೋರು ಮಳೆ, ಏನು ಮಾಡೋಣ? ಹಬ್ ಮತ್ತು ಸ್ಪೋಕ್ (ಹೆಡ್ ಆಫೀಸಿನ ರೂಟರ್ ಹಬ್, ಅದಕ್ಕೆ ಜೋಡಿಸಿದ ಬ್ರಾಂಚುಗಳು ಸ್ಪೋಕ್) ಮಾದರಿಯ ನೆಟ್‌ವರ್ಕ್ ಬಗ್ಗೆ ಹಿಂದೆಯೂ ಬರೆದಿದ್ದೇನೆ, ಪ್ರಶ್ನೆಗಳು ಮಾತ್ರ ನಿಂತಿಲ್ಲ. ಹಾಗಾಗಿ ಈ ಸಲ ಒಂದು ಪ್ರಶ್ನೆಗೆ ಪೂರ್ತಿ ಉತ್ತರ, ಉಳಿದವಕ್ಕೆ ಸಿಕ್ಕಷ್ಟು ಜಾಗ. ಸಬ್‌ನೆಟ್ ಅಂದ್ರೇನು, ನೇಬರ್ ಅಂದ್ರೇನು ಅಂತ ಕೇಳಿದವರಿಗೆ ಇಲ್ಲಿ ಉತ್ತರ ಇಲ್ಲ. ಅದು ಗೊತ್ತಾಗುವವರೆಗೆ ಹೆಡ್ ಆಫೀಸಿನ ರೂಟರ್‌ಗೆ ದಯವಿಟ್ಟು ಕೈ ಹಾಕಬೇಡಿ.

ಪ್ರಶ್ನೆ: ನಮ್ಮದು ಸೌಹಾರ್ದ ಸಹಕಾರಿ. ಹೆಡ್ ಆಫೀಸ್ ಶಿವಮೊಗ್ಗದಲ್ಲಿದೆ. ತೀರ್ಥಹಳ್ಳಿ, ಹೊಸನಗರ, ರಿಪ್ಪನ್‌ಪೇಟೆ, ಸಾಗರ, ಆಗುಂಬೆ ಸೇರಿ 11 ಬ್ರಾಂಚ್. ಎಲ್ಲ ಕಡೆ ಫೈಬರ್ ಬ್ರಾಡ್‌ಬ್ಯಾಂಡ್, ಅದರ ಮೇಲೆ ಹೆಡ್ ಆಫೀಸಿಗೆ ಜಿಆರ್‌ಇ ಟನಲ್ (ಒಂದು ಪ್ಯಾಕೆಟ್ಟನ್ನು ಇನ್ನೊಂದರೊಳಗೆ ಇಟ್ಟು ಇಂಟರ್ನೆಟ್ ಮೇಲೆ ಕಳಿಸುವ ದಾರಿ), ಐಪಿಸೆಕ್ (ಅದಕ್ಕೆ ಗೂಢಲಿಪಿಯ ರಕ್ಷಣೆ) ಇದೆ. ಸ್ಟ್ಯಾಟಿಕ್ ರೂಟ್ (ಕೈಯಾರೆ ಬರೆದ ದಾರಿ) ಇದ್ದಾಗ ಚೆನ್ನಾಗಿತ್ತು. ಓಎಸ್‌ಪಿಎಫ್ (ರೂಟರುಗಳು ದಾರಿಗಳನ್ನು ತಾವೇ ಹಂಚಿಕೊಳ್ಳುವ ಪ್ರೊಟೊಕಾಲ್) ಹಾಕಿದ ಮೇಲೆ ಟನಲ್ ಏಳುತ್ತದೆ, ನೇಬರ್ ‘ಫುಲ್’ (ಎರಡೂ ಕಡೆಯ ರೂಟರ್ ಪೂರ್ತಿ ಜೊತೆಯಾದ ಸ್ಥಿತಿ) ಆಗುತ್ತದೆ, ಸ್ವಲ್ಪ ಹೊತ್ತಿಗೆ ಬೀಳುತ್ತದೆ, ಮತ್ತೆ ಏಳುತ್ತದೆ. ಎಲ್ಲ ಬ್ರಾಂಚಲ್ಲೂ ಹೀಗೇ. ರೂಟರ್ ಕೊಟ್ಟವರು ಮಳೆಗೆ ಲೈನ್ ವೀಕ್ ಆಗಿದೆ, ದೊಡ್ಡ ಮಾಡೆಲ್ ತಗೊಳ್ಳಿ ಅನ್ನುತ್ತಾರೆ. ಹೆಲೋ ಟೈಮರ್ (ಎಷ್ಟು ಸೆಕೆಂಡಿಗೊಮ್ಮೆ ನೇಬರನ್ನು ಮಾತಾಡಿಸಬೇಕು ಅನ್ನುವ ಲೆಕ್ಕ) ಬದಲಿಸಿ ನೋಡಲೇ?

ಬದಲಿಸಬೇಡಿ. ದೊಡ್ಡ ಮಾಡೆಲ್ಲೂ ಬೇಡ.

ಲೈನ್ ಅದೇ, ರೂಟರ್ ಅದೇ, ಸ್ಟ್ಯಾಟಿಕ್ ಇದ್ದಾಗ ಚೆನ್ನಾಗಿತ್ತು ಅಂತ ನೀವೇ ಬರೆದಿದ್ದೀರಿ. ಬದಲಾಗಿದ್ದು ಓಎಸ್‌ಪಿಎಫ್ ಒಂದೇ. ಹಾಗಿದ್ದರೂ ಮಳೆಯ ಮೇಲೆ ಗೂಬೆ ಕೂರಿಸುತ್ತಾರಲ್ಲ, ಅವರಿಗೆ ಒಂದು ಮಾತು ಕೇಳಿ: ಸಾಗರದಲ್ಲೂ ಆಗುಂಬೆಯಲ್ಲೂ ಮಳೆ ಒಂದೇ ಅಳತೆಯಲ್ಲಿ ಗಡಿಯಾರ ನೋಡಿಕೊಂಡು ಬರುತ್ತಾ? ರೂಟರಿನ ಲಾಗ್ ತೆಗೆದು ಟನಲ್ ಬಿದ್ದ ಸಮಯಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಅಂತರ ಹೆಚ್ಚೂ ಕಡಿಮೆ ಒಂದೇ ಇದ್ದರೆ ಅದು ಮಳೆಯ ಕೆಲಸ ಅಲ್ಲ, ನಿಮ್ಮ ಕಾನ್ಫಿಗರೇಷನ್ನಿನ ಕೆಲಸ.

ಮಳೆಯಿಂದ ತೊಂದರೆ ಆಗೋದೇ ಇಲ್ಲ ಅಂತಲ್ಲ. ಮರದ ಕೊಂಬೆ ಮುರಿದು ಕೇಬಲ್ ಮೇಲೆ ಬೀಳುತ್ತದೆ, ಜಾಯಿಂಟ್ ಬಾಕ್ಸಿಗೆ ನೀರು ಹೋಗುತ್ತದೆ, ಕರೆಂಟ್ ಹೋಗಿ ಯುಪಿಎಸ್ ಖಾಲಿಯಾದರೆ ಫೈಬರ್ ಡಬ್ಬಿ ಆರಿಹೋಗುತ್ತದೆ. 5 ಗಿಗಾಹರ್ಟ್ಸ್ ವೈರ್‌ಲೆಸ್ ಲಿಂಕ್ ಇದ್ದವರಿಗೆ ಮಳೆಹನಿಗಿಂತ ಒದ್ದೆ ಎಲೆಗಳ ಕಾಟವೇ ಜಾಸ್ತಿ. ಆದರೆ ಇವೆಲ್ಲ ಬಿದ್ದರೆ ಇಂಟರ್ನೆಟ್ಟೇ ಬೀಳುತ್ತದೆ. ನಿಮ್ಮಲ್ಲಿ ಅದು ಬೀಳುತ್ತಿದೆಯಾ? ಬ್ರಾಂಚಿನಿಂದ 8.8.8.8ಕ್ಕೆ (ಗೂಗಲ್‌ನ ಸರ್ವರ್) ಬಿಡದೆ ಪಿಂಗ್ ಹಾಕಿ ಕೂತುಕೊಳ್ಳಿ. ಟನಲ್ ಬಿದ್ದ ಹೊತ್ತಲ್ಲೂ ಅದು ನಡೀತಾ ಇದ್ದರೆ ಲೈನ್ ಸರಿಯಾಗಿದೆ. ಒಂದು ಎಚ್ಚರ: ಹೆಡ್ ಆಫೀಸಿನ ಪಬ್ಲಿಕ್ ಐಪಿಗೆ ಪಿಂಗ್ ಮಾಡಿ ಪರೀಕ್ಷೆ ಮಾಡಬೇಡಿ. ಆ ಪಿಂಗೂ ಮುಂದೆ ಹೇಳುವ ಸುಳಿಗೆ ಸಿಕ್ಕಿ ಸಾಯುತ್ತದೆ, ಆಮೇಲೆ ನೀವು ಲೈನ್ ಕೊಟ್ಟವರ ಜೊತೆ ಸುಮ್ನೆ ಜಗಳಕ್ಕೆ ಹೋಗುತ್ತೀರಿ.

ಈಗ ಆ ಸುಳಿ ಏನು ಅಂತ ನೋಡೋಣ. ನಿಮ್ಮ ಹಬ್‌ನ ಪಬ್ಲಿಕ್ ಐಪಿ 203.0.113.10 ಅಂತ ಇಟ್ಟುಕೊಳ್ಳಿ, ಲೈನ್ ಕೊಟ್ಟವರು ಕೊಟ್ಟ ಬ್ಲಾಕ್ 203.0.113.8/29 (ಎಂಟು ವಿಳಾಸಗಳ ಗುಂಪು). ಬ್ರಾಂಚಿನಲ್ಲಿ ಇಂಟರ್ನೆಟ್ ಕಡೆಗೆ ಇರೋದು ಒಂದೇ ರೂಟ್, 0.0.0.0/0, ಅಂದರೆ ಡಿಫಾಲ್ಟ್ (ಬೇರೆ ದಾರಿ ಗೊತ್ತಿಲ್ಲದಿದ್ದಾಗ ಹಿಡಿಯೋ ದಾರಿ). ಟನಲ್‌ನ ಹೊರಗಿನ ಪ್ಯಾಕೆಟ್ ಹಬ್‌ಗೆ ಹೋಗೋದು ಆ ಡಿಫಾಲ್ಟ್ ಹಿಡಿದುಕೊಂಡೇ. ಇಲ್ಲಿಯವರೆಗೆ ಸರಿ. ಟನಲ್ ಎದ್ದಿತು, ಓಎಸ್‌ಪಿಎಫ್ ಕೈ ಕುಲುಕಿತು, ಹಬ್ ತನ್ನ ಹತ್ತಿರ ಇರೋ ನೆಟ್‌ವರ್ಕ್‌ಗಳನ್ನೆಲ್ಲ ಡಂಗುರ ಸಾರಿತು. ಆ ಡಂಗುರದಲ್ಲಿ 203.0.113.8/29 ಕೂಡ ಇತ್ತು. ಬ್ರಾಂಚ್ ಅದನ್ನು ಕೇಳಿಸಿಕೊಂಡು, ಓಹೋ ಹಬ್‌ನ ಪಬ್ಲಿಕ್ ಐಪಿಗೆ ಹೋಗೋ ದಾರಿ ಟನಲ್ ಒಳಗೇ ಇದೆ ಅಂತ ಟೇಬಲ್‌ನಲ್ಲಿ ಬರೆದುಕೊಂಡಿತು. ಇನ್ನು ಟನಲ್‌ನ ಹೊರಗಿನ ಪ್ಯಾಕೆಟ್ ಎಲ್ಲಿಗೆ ಹೋಗಬೇಕು? ಅದೇ ಟನಲ್ ಒಳಕ್ಕೆ. ಲಕೋಟೆಯನ್ನು ಅದೇ ಲಕೋಟೆಯೊಳಗೆ ತುರುಕೋಕೆ ಹೋದ ಹಾಗೆ. ರೂಟರ್ ಕೈಚೆಲ್ಲಿ ಟನಲ್ ಇಳಿಸುತ್ತದೆ. ಟನಲ್ ಇಳಿದರೆ ನೇಬರ್ ಹೋಯಿತು, ನೇಬರ್ ಹೋದರೆ ಆ /29 ರೂಟೂ ಹೋಯಿತು, ಉಳಿದದ್ದು ಮತ್ತೆ ಡಿಫಾಲ್ಟ್. ಡಿಫಾಲ್ಟ್ ಸಿಕ್ಕಿತು ಅಂತ ಟನಲ್ ಮತ್ತೆ ಏಳುತ್ತದೆ. ಮುಂದಿನದು ನಿಮಗೇ ಗೊತ್ತು.

ಸಿಸ್ಕೊ ಪೆಟ್ಟಿಗೆಯಾದರೆ ಲಾಗ್‌ನಲ್ಲಿ ‘ಟೆಂಪರರಿಲಿ ಡಿಸೇಬಲ್ಡ್ ಡ್ಯೂ ಟು ರಿಕರ್ಸಿವ್ ರೂಟಿಂಗ್’ ಅಂತ ಸ್ಪಷ್ಟವಾಗಿ ಬರೆದೇ ಬಿಟ್ಟಿರುತ್ತದೆ. ಓದುವವರಿಲ್ಲ ಅಷ್ಟೇ. ಬೇರೆ ಬ್ರ್ಯಾಂಡ್‌ನಲ್ಲಿ ಈ ಸಾಲು ಸಿಗದೇ ಇರಬಹುದು. ಆಗ ನೇಬರ್ ಫುಲ್ ಆದ ಕೂಡಲೇ 203.0.113.10ಕ್ಕೆ ರೂಟ್ ಯಾವುದು ಅಂತ ಕೇಳಿ. ಉತ್ತರದಲ್ಲಿ ಟನಲ್ ಹೆಸರು ಬಂತಾ? ಕಳ್ಳ ಸಿಕ್ಕಿದ.

ಇಲ್ಲಿಗೆ ಬಂದಾಗ ಎಲ್ಲರೂ ಒಂದೇ ಮಾತು ಹೇಳುತ್ತಾರೆ: ನಮ್ಮ ಡಿಫಾಲ್ಟ್ ಸ್ಟ್ಯಾಟಿಕ್ ಅಲ್ವಾ, ಅದರ ಡಿಸ್ಟೆನ್ಸ್ (ರೂಟ್ ಎಲ್ಲಿಂದ ಬಂತು ಅನ್ನೋದಕ್ಕೆ ಕೊಟ್ಟ ಅಂಕ, ಕಡಿಮೆ ಇದ್ದದ್ದು ಗೆಲ್ಲುತ್ತದೆ) 1, ಓಎಸ್‌ಪಿಎಫ್‌ದು 110, ಅಂದಮೇಲೆ ಸ್ಟ್ಯಾಟಿಕ್ಕೇ ಗೆಲ್ಲಬೇಕಲ್ಲ? ಇಲ್ಲ ಮಾರಾಯ್ರೆ. ಡಿಸ್ಟೆನ್ಸ್ ನೋಡೋದು ಎರಡೂ ಒಂದೇ ಪ್ರಿಫಿಕ್ಸ್ (ವಿಳಾಸ ಮತ್ತು / ಆದ ಮೇಲಿನ ಉದ್ದ) ಆಗಿದ್ದಾಗ ಮಾತ್ರ. /0 ಮತ್ತು /29 ಬೇರೆ ಬೇರೆ ಪ್ರಿಫಿಕ್ಸ್, ಎರಡೂ ಟೇಬಲ್‌ನಲ್ಲಿ ಕೂರುತ್ತವೆ, ಪ್ಯಾಕೆಟ್ ಬಂದಾಗ ಉದ್ದದ ಪ್ರಿಫಿಕ್ಸಿಗೇ ಗೆಲುವು. ಟ್ರೇನಿಂಗ್ ಸೆಂಟರಿನಲ್ಲಿ ದುಡ್ಡು ತಗೊಂಡು ಡಿಸ್ಟೆನ್ಸ್ ಪಟ್ಟಿ ಬಾಯಿಪಾಠ ಮಾಡಿಸುತ್ತಾರೆ, ಈ ಒಂದು ವಾಕ್ಯ ಹೇಳಿಕೊಡೋದಿಲ್ಲ.

ಆ /29 ಡಂಗುರಕ್ಕೆ ಸೇರಿದ್ದು ಹೇಗೆ? ಸಾಮಾನ್ಯವಾಗಿ ಎರಡು ದಾರಿ. ಒಂದು, ಯಾರೋ ಅಂತರ್ಜಾಲದಿಂದ ನಕಲು ಹೊಡೆದು ಓಎಸ್‌ಪಿಎಫ್ ಒಳಗೆ ‘ನೆಟ್‌ವರ್ಕ್ 0.0.0.0 255.255.255.255’ ಅಂತ ಒಂದೇ ಸಾಲು ಬರೆದಿದ್ದಾರೆ, ಅದು ಇಂಟರ್ನೆಟ್ ಕಡೆಯ ಇಂಟರ್‌ಫೇಸನ್ನೂ ಎಳೆದುಕೊಂಡಿದೆ. ಇನ್ನೊಂದು, ‘ರಿಡಿಸ್ಟ್ರಿಬ್ಯೂಟ್ ಕನೆಕ್ಟೆಡ್’ (ರೂಟರಿಗೆ ನೇರ ತಗುಲಿದ ನೆಟ್‌ವರ್ಕ್‌ಗಳನ್ನೆಲ್ಲ ಸಾರು ಅನ್ನೋ ಆಜ್ಞೆ) ಹಾಕಿ ಮುಂದೆ ಯಾವ ಫಿಲ್ಟರೂ ಇಟ್ಟಿಲ್ಲ. ನಿಮ್ಮಲ್ಲಿ ಎಲ್ಲ ಬ್ರಾಂಚೂ ಬೀಳುತ್ತಿವೆ, ಅಂದರೆ ಸೋರಿಕೆ ಹಬ್‌ನಲ್ಲಿದೆ. ಒಂದೇ ಬ್ರಾಂಚ್ ಬೀಳುತ್ತಿದ್ದರೆ ಮೊದಲು ಆ ಬ್ರಾಂಚಿನ ರೂಟರ್ ನೋಡಬೇಕು. ಅದು ತನ್ನ ಪಿಪಿಪಿಒಇ (ಬ್ರಾಡ್‌ಬ್ಯಾಂಡ್ ಲಾಗಿನ್) ವಿಳಾಸವನ್ನೇ ಹಬ್‌ಗೆ ಸಾರುತ್ತಿರುತ್ತದೆ, ಆಗ ಹಬ್ ಕಡೆಯಿಂದ ಇದೇ ಆಟ.

ಪರಿಹಾರಕ್ಕೆ ಬರೋಣ, ಕ್ರಮ ಮುಖ್ಯ. ಮೊದಲು ಪ್ರತಿ ಬ್ರಾಂಚಿನಲ್ಲಿ 203.0.113.10/32ಕ್ಕೆ ಒಂದು ಸ್ಟ್ಯಾಟಿಕ್ ರೂಟ್ ಹಾಕಿ, ಇಂಟರ್ನೆಟ್ ಲೈನ್ ಕಡೆಗೆ. ಪಿಪಿಪಿಒಇ ಆದರೆ ಡಯಲರ್ ಇಂಟರ್‌ಫೇಸ್ ತೋರಿಸಿದರೆ ಸಾಕು. ವಿಳಾಸ ಡಿಎಚ್‌ಸಿಪಿಯಲ್ಲಿ (ಲೈನಿನಿಂದ ತಾನಾಗಿ) ಬರುವ ಲೈನಾದರೆ ಗೇಟ್‌ವೇ ಇವತ್ತೊಂದು ನಾಳೆ ಇನ್ನೊಂದು. ಸಿಸ್ಕೊದಲ್ಲಿ ಗೇಟ್‌ವೇ ಜಾಗದಲ್ಲಿ ‘ಡಿಎಚ್‌ಸಿಪಿ’ ಅಂತಲೇ ಬರೆಯಬಹುದು. /32ಗಿಂತ ಉದ್ದದ ಪ್ರಿಫಿಕ್ಸ್ ಇಲ್ಲ, ಹಾಗಾಗಿ ಹಬ್ ಏನೇ ಸಾರಿದರೂ ಟನಲ್ ಅಲುಗೋದಿಲ್ಲ. ಇಷ್ಟಕ್ಕೇ ಟನಲ್ ನಿಲ್ಲುತ್ತದೆ, ಇಷ್ಟಕ್ಕೇ ನಿಲ್ಲಿಸಿ ಮನೆಗೆ ಹೋಗುವವರೂ ಇದ್ದಾರೆ. ಹೋಗಬೇಡಿ. ಆಮೇಲೆ ಹಬ್‌ಗೆ ಬಂದು ಸೋರಿಕೆ ಮುಚ್ಚಿ. ನೆಟ್‌ವರ್ಕ್ ಸಾಲುಗಳಲ್ಲಿ ಟನಲ್ ಮತ್ತು ಒಳಗಿನ ಲ್ಯಾನ್ ಬಿಟ್ಟು ಬೇರೇನೂ ಇರಬಾರದು. ರಿಡಿಸ್ಟ್ರಿಬ್ಯೂಟ್ ಮಾಡಲೇಬೇಕು ಅಂತಿದ್ದರೆ ರೂಟ್ ಮ್ಯಾಪ್ ಅನ್ನೋ ಜರಡಿಯಲ್ಲಿ ಏನು ಹೋಗಬೇಕೋ ಅದನ್ನಷ್ಟೇ ಹೆಸರಿಸಿ, ಉಳಿದದ್ದಕ್ಕೆ ಬಾಗಿಲು ಹಾಕಿ. ಬ್ರಾಂಚಿನಲ್ಲಿ ಡಿಸ್ಟ್ರಿಬ್ಯೂಟ್ ಲಿಸ್ಟ್ (ರೂಟ್ ಫಿಲ್ಟರ್) ಹಾಕಿ ತಡೆಯುತ್ತೇನೆ ಅನ್ನುವವರಿಗೆ: ಓಎಸ್‌ಪಿಎಫ್‌ನಲ್ಲಿ ಅದು ಆ ಒಂದು ರೂಟರಿನ ಟೇಬಲ್‌ಗೆ ಇಳಿಯೋದನ್ನು ಮಾತ್ರ ತಡೆಯುತ್ತದೆ, ಸುದ್ದಿ ಏರಿಯಾ (ಒಂದೇ ಮಾಹಿತಿ ಹಂಚಿಕೊಳ್ಳುವ ರೂಟರುಗಳ ಗುಂಪು) ತುಂಬಾ ಓಡಾಡುತ್ತಲೇ ಇರುತ್ತದೆ.

ಬ್ರಾಂಚಿನವರ ಇಂಟರ್ನೆಟ್ಟೂ ಹೆಡ್ ಆಫೀಸ್ ಫೈರ್‌ವಾಲ್ ಮೂಲಕವೇ ಹೋಗಲಿ ಅಂತ ನಿಮ್ಮ ಆಡಿಟರ್ ಹೇಳುವ ದಿನ ಬರುತ್ತದೆ. ಆಗ ಹಬ್‌ನಿಂದ ಡಿಫಾಲ್ಟ್ ಸಾರುತ್ತೀರಿ, ಬ್ರಾಂಚಿನ ಸ್ಟ್ಯಾಟಿಕ್ ಡಿಫಾಲ್ಟ್ ತೆಗೆಯುತ್ತೀರಿ. ಈ /32 ಇಲ್ಲದಿದ್ದರೆ ಅವತ್ತು ಬಿದ್ದ ಟನಲ್ ಮತ್ತೆ ಏಳೋದೇ ಇಲ್ಲ. ಸಿಸ್ಕೊದಂಥ ಪೆಟ್ಟಿಗೆಯಲ್ಲಿ ಇಂಟರ್ನೆಟ್ ಇಂಟರ್‌ಫೇಸನ್ನೇ ಬೇರೆ ವಿಆರ್‌ಎಫ್‌ಗೆ ಹಾಕಿ ಹೊರಗಿನ ಟೇಬಲ್ ಬೇರೆ, ಒಳಗಿನ ಟೇಬಲ್ ಬೇರೆ ಮಾಡಿಬಿಟ್ಟರೆ ಇನ್ನೂ ಚೊಕ್ಕ. ಹೊಸದಾಗಿ ಕಟ್ಟುವವರು ಹಾಗೇ ಕಟ್ಟಿ. ನಡೆಯುತ್ತಿರೋದನ್ನು ಕೆಡವಿ ಮಾಡೋಕೆ ಹೋಗಬೇಡಿ.

ಕೌಂಟರ್ ಮುಚ್ಚಿದ ಮೇಲೆ ಕೆಲಸ ಮಾಡಿ. ಸಿಸ್ಕೊ ಆದರೆ ಶುರು ಮಾಡುವ ಮುಂಚೆ ‘ರಿಲೋಡ್ ಇನ್ 10’ (ಹತ್ತು ನಿಮಿಷಕ್ಕೆ ತಾನೇ ರೀಬೂಟ್) ಕೊಡಿ, ಎಲ್ಲ ಸರಿ ಇದೆ ಅಂತ ಖಾತ್ರಿಯಾಗುವವರೆಗೆ ಸೇವ್ ಮಾಡಬೇಡಿ. ಮೈಕ್ರೊಟಿಕ್ ಆದರೆ ಸೇಫ್ ಮೋಡ್ ಒತ್ತಿ. ಇಲ್ಲದಿದ್ದರೆ ಒಂದು ತಪ್ಪು ಸಾಲಿಗೆ ರಾತ್ರಿ ಮಳೆಯಲ್ಲಿ ಆಗುಂಬೆಗೆ ಹೊರಡಬೇಕಾಗುತ್ತದೆ, ಅಲ್ಲಿ ಬೀಗದ ಕೈ ಇರೋ ಅಟೆಂಡರ್ ಫೋನ್ ತೆಗೆಯೋದಿಲ್ಲ. ಹಬ್‌ನ ಪಬ್ಲಿಕ್ ಐಪಿ ಮುಂದೆ ಯಾವಾಗಲಾದರೂ ಬದಲಾದರೆ ಹನ್ನೊಂದೂ ಕಡೆ ಈ /32 ಬದಲಿಸಬೇಕು ಅಂತ ಒಂದು ಚೀಟಿ ಬರೆದು ರ‍್ಯಾಕ್ ಬಾಗಿಲಿಗೆ ಅಂಟಿಸಿ.

ಟೈಮರ್ ವಿಷಯ ಕೇಳಿದ್ದಿರಿ. ಹೆಲೋ 10, ಡೆಡ್ (ಇಷ್ಟು ಸೆಕೆಂಡ್ ಸದ್ದಿಲ್ಲದಿದ್ದರೆ ನೇಬರ್ ಹೋಯಿತು ಅನ್ನೋ ಲೆಕ್ಕ) 40 ಇದ್ದದ್ದನ್ನು 1 ಮತ್ತು 4 ಮಾಡಿದರೆ ಇದೇ ಸುಳಿ ಬಿರುಸಾಗುತ್ತದೆ ಅಷ್ಟೇ. ದೊಡ್ಡದು ಮಾಡಿದರೆ ನಿಜವಾಗಿ ಲೈನ್ ಹೋದಾಗಲೂ ರೂಟರ್‌ಗೆ ತಡವಾಗಿ ಗೊತ್ತಾಗುತ್ತದೆ. ಎರಡೂ ಔಷಧ ಅಲ್ಲ. ಇನ್ನು ದೊಡ್ಡ ಮಾಡೆಲ್ ಮಾರಲು ಬಂದವರಿಗೆ ಲಾಗ್‌ನ ಆ ಸಾಲು ತೋರಿಸಿ, ಇದು ಹೊಸ ಪೆಟ್ಟಿಗೆಯಲ್ಲಿ ಹೇಗೆ ಹೋಗುತ್ತೆ ವಿವರಿಸಿ ಅಂತ ಕೇಳಿ.

ಪ್ರಶ್ನೆ: ಒಂದೇ ಮಲ್ಟಿಪಾಯಿಂಟ್ ಟನಲ್‌ನಲ್ಲಿ ಎಲ್ಲ ಬ್ರಾಂಚ್ ಸೇರಿಸಿದ್ದೇವೆ, ಓಎಸ್‌ಪಿಎಫ್ ಇದೆ. ಸೊರಬ ಬಂದರೆ ಶಿಕಾರಿಪುರ ಬೀಳುತ್ತದೆ, ಶಿಕಾರಿಪುರ ಬಂದರೆ ಸೊರಬ ಬೀಳುತ್ತದೆ.

ಇದು ಬೇರೆ ಕಾಯಿಲೆ. ಸಿಸ್ಕೊದಲ್ಲಿ ಟನಲ್‌ಗೆ ಓಎಸ್‌ಪಿಎಫ್ ತಾನಾಗಿ ಪಾಯಿಂಟ್-ಟು-ಪಾಯಿಂಟ್ ಅಂದುಕೊಳ್ಳುತ್ತದೆ, ಅಂದರೆ ಆ ಕಡೆ ಒಬ್ಬರೇ ಇರುತ್ತಾರೆ ಅಂತ. ಎರಡನೆಯವರು ಬಂದರೆ ಮೊದಲಿನವರನ್ನು ಬಿಡುತ್ತದೆ. ಹಬ್‌ನಲ್ಲೂ ಬ್ರಾಂಚುಗಳಲ್ಲೂ ಪಾಯಿಂಟ್-ಟು-ಮಲ್ಟಿಪಾಯಿಂಟ್ ಮಾಡಿ. ಹಬ್‌ನಲ್ಲಿ ಮಾತ್ರ ಮಾಡಿದರೆ ಅಲ್ಲಿ ಟೈಮರ್ 30 ಮತ್ತು 120 ಆಗುತ್ತದೆ, ಬ್ರಾಂಚಿನಲ್ಲಿ 10 ಮತ್ತು 40 ಉಳಿಯುತ್ತದೆ, ನೇಬರೇ ಆಗೋದಿಲ್ಲ. ಬ್ರಾಡ್‌ಕಾಸ್ಟ್ ಮಾಡುವುದಾದರೆ ಬ್ರಾಂಚುಗಳ ಪ್ರಯಾರಿಟಿ 0 ಇಡಿ, ಡಿಆರ್ (ಗುಂಪಿನ ಮುಖ್ಯ ರೂಟರ್) ಪಟ್ಟ ಹಬ್‌ಗೇ ಇರಲಿ. ಒಂದು ಕಡೆ ಬ್ರಾಡ್‌ಕಾಸ್ಟ್, ಇನ್ನೊಂದು ಕಡೆ ಪಾಯಿಂಟ್-ಟು-ಪಾಯಿಂಟ್ ಇದ್ದರೆ ಅದು ಇನ್ನೂ ಕೆಟ್ಟದ್ದು. ಟೈಮರ್ ಒಂದೇ ಆದ್ದರಿಂದ ನೇಬರ್ ‘ಫುಲ್’ ಅಂತ ತೋರಿಸುತ್ತದೆ, ರೂಟ್ ಮಾತ್ರ ಒಂದೂ ಬರೋದಿಲ್ಲ.

ಪ್ರಶ್ನೆ: ಇಐಜಿಆರ್‌ಪಿ (ಓಎಸ್‌ಪಿಎಫ್‌ನಂಥದೇ ಇನ್ನೊಂದು ಪ್ರೊಟೊಕಾಲ್) ಹಾಕಿದ್ದೇವೆ. ಬ್ರಾಂಚುಗಳಿಗೆ ಹಬ್ ಕಾಣುತ್ತದೆ, ಬ್ರಾಂಚಿಗೆ ಬ್ರಾಂಚ್ ಕಾಣೋದಿಲ್ಲ.

ಸ್ಪ್ಲಿಟ್ ಹೊರೈಜನ್. ಯಾವ ಇಂಟರ್‌ಫೇಸಿನಿಂದ ಸುದ್ದಿ ಬಂತೋ ಅದೇ ಇಂಟರ್‌ಫೇಸಿಗೆ ಹಬ್ ವಾಪಸ್ ಹೇಳೋದಿಲ್ಲ. ಹಬ್‌ನ ಟನಲ್‌ನಲ್ಲಿ ಅದನ್ನು ಆರಿಸಬಹುದು. ಆದರೆ ಹಬ್‌ನಿಂದ 10.0.0.0/8 ಅಂತ ಒಂದೇ ಸಮ್ಮರಿ ಕಳಿಸಿದರೆ ಅದೂ ಬೇಕಾಗಿಲ್ಲ, ಬ್ರಾಂಚ್ ಎಲ್ಲವನ್ನೂ ಹಬ್‌ಗೆ ಕೊಡುತ್ತದೆ, ಹಬ್ ದಾರಿ ತೋರಿಸುತ್ತದೆ. ಬ್ರಾಂಚುಗಳನ್ನು ಸ್ಟಬ್ (ಬೇರೆಯವರ ಟ್ರಾಫಿಕ್ ದಾಟಿಸದ ತುದಿ) ಮಾಡೋದು ಮರೆಯಬೇಡಿ.

ಪ್ರಶ್ನೆ: ನೇಬರ್ ‘ಎಕ್ಸ್‌ಸ್ಟಾರ್ಟ್’ನಲ್ಲೇ (‘ಫುಲ್’ಗಿಂತ ಮುಂಚಿನ ಒಂದು ಹಂತ) ನಿಂತಿದೆ. ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಅಳತೆ) ಇಗ್ನೋರ್ ಹಾಕಿದರೆ ಸರಿಹೋಗುತ್ತದೆ ಅಂತ ವಿಡಿಯೊದಲ್ಲಿ ನೋಡಿದೆ.

ನೇಬರ್ ಏಳುತ್ತದೆ, ಆದರೆ ದೊಡ್ಡ ಪ್ಯಾಕೆಟ್ ದಾಟದೆ ಪಾಸ್‌ಬುಕ್ ಪ್ರಿಂಟ್ ನಿಲ್ಲುತ್ತದೆ. ಎರಡೂ ತುದಿಯಲ್ಲಿ ಟನಲ್ ಎಂಟಿಯು 1400, ಎಂಎಸ್‌ಎಸ್ (ಪ್ಯಾಕೆಟ್‌ನೊಳಗಿನ ಟಿಸಿಪಿ ಮಾಹಿತಿಯ ಮಿತಿ) 1360 ಅಂತ ಒಂದೇ ಇಡಿ, ಆ ವಿಡಿಯೊ ಮರೆತುಬಿಡಿ.

ಪ್ರಶ್ನೆ: ಪ್ರತಿ ಬ್ರಾಂಚಿಗೂ ಬೇರೆ ಏರಿಯಾ ಮಾಡಿ, ಎಲ್ಲವನ್ನೂ ಟೋಟಲಿ ಸ್ಟಬ್ ಮಾಡಿ ಅಂತ ಸಲಹೆ ಬಂದಿದೆ.

ಹನ್ನೆರಡು ರೂಟರಿಗೆ ಇಷ್ಟು ಶೃಂಗಾರ ಯಾಕೆ? ಮೇಲಾಗಿ ಟೋಟಲಿ ಸ್ಟಬ್‌ಗೆ ಹಬ್‌ನಿಂದ ಬರೋದು ಡಿಫಾಲ್ಟ್ ಮಾತ್ರ. ಬ್ರಾಂಚಿನ ಸ್ಟ್ಯಾಟಿಕ್ ಡಿಫಾಲ್ಟ್ ಎದುರು ಅದು ಸೋಲುತ್ತದೆ. ಪ್ರಿಫಿಕ್ಸ್ ಒಂದೇ ಆದ್ದರಿಂದ ಇಲ್ಲಿ ಡಿಸ್ಟೆನ್ಸ್ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಸರ್ವರ್‌ಗೆ ಹೋಗಬೇಕಾದ ಪ್ಯಾಕೆಟ್ ಸೀದಾ ಇಂಟರ್ನೆಟ್ಟಿಗೆ ಹೋಗಿ ಕಳೆದುಹೋಗುತ್ತದೆ.

ಪ್ರಶ್ನೆ: ಬ್ಯಾಕಪ್‌ಗೆ 4ಜಿ ಸಿಮ್ ಹಾಕಿದ್ದೇವೆ, ಹಬ್‌ನಿಂದ ಆ ರೂಟರ್ ಸಿಗುತ್ತಿಲ್ಲ.

ಸಿಮ್‌ಗೆ ಸಿಕ್ಕ ವಿಳಾಸ ನೋಡಿ. 100.64ರಿಂದ 100.127ರ ಒಳಗೆ ಅಥವಾ 10ರಲ್ಲಿ ಶುರುವಾದರೆ ಅದು ಪಬ್ಲಿಕ್ ಐಪಿ ಅಲ್ಲ. ಬ್ರಾಂಚೇ ಹಬ್‌ಗೆ ಕರೆ ಮಾಡಬೇಕು, ಐಪಿಸೆಕ್ ಯುಡಿಪಿ 4500ರಲ್ಲಿ ಹೋಗಬೇಕು. ಬರೀ ಜಿಆರ್‌ಇ ಅಲ್ಲಿ ನಡೆಯೋದನ್ನು ನಂಬಿ ಕೂರಬೇಡಿ.

ಪ್ರಶ್ನೆ: ಓಎಸ್‌ಪಿಎಫ್, ಇಐಜಿಆರ್‌ಪಿ, ಬಿಜಿಪಿ, ಯಾವುದು ಬೆಸ್ಟ್?

ನಿಮ್ಮಲ್ಲಿ ರಾತ್ರಿ ಹತ್ತು ಗಂಟೆಗೆ ಫೋನ್ ತೆಗೆದು ಸರಿ ಮಾಡುವವರಿಗೆ ಯಾವುದು ಬರುತ್ತದೋ ಅದು. ಬೇರೆ ಬೇರೆ ಬ್ರ್ಯಾಂಡ್ ಇದ್ದರೆ ಇಐಜಿಆರ್‌ಪಿ ಬಿಡಿ. ನೂರಾರು ಬ್ರಾಂಚ್ ಇದ್ದರೆ ಬಿಜಿಪಿ. ಮೂರೇ ಬ್ರಾಂಚ್, ಒಂದೇ ಲೈನ್ ಅಂತ ಇನ್ನೊಬ್ಬರು ಕೊಪ್ಪದಿಂದ ಬರೆದಿದ್ದಾರೆ, ಅವರಿಗೆ ಸ್ಟ್ಯಾಟಿಕ್ ಸಾಕು.

ಪ್ರಶ್ನೆ: ದಿನಾ ಬೆಳಗಿನ ಜಾವ ಎಲ್ಲ ರೂಟರ್ ತಾನೇ ರೀಬೂಟ್ ಆಗುವ ಹಾಗೆ ಇಟ್ಟರೆ ಒಳ್ಳೆಯದಾ?

ಬೇಡ. ಮೆಮೊರಿಯಲ್ಲಿದ್ದ ಲಾಗ್ ಅಳಿಸಿಹೋಗುತ್ತದೆ, ಆಮೇಲೆ ನನಗೆ ಮಳೆ ಬಗ್ಗೆ ಪತ್ರ ಬರೆಯುತ್ತೀರಿ. ಲಾಗನ್ನು ಹೆಡ್ ಆಫೀಸಿನ ಒಂದು ಹಳೇ ಪಿಸಿಗೆ ಸಿಸ್‌ಲಾಗ್ ಮೂಲಕ ಕಳಿಸಿ, ಎಲ್ಲ ರೂಟರುಗಳ ಗಡಿಯಾರ ಎನ್‌ಟಿಪಿಯಿಂದ ಒಂದೇ ಮಾಡಿ. ಮುಂದಿನ ಸಲ ಪ್ರಶ್ನೆ ಕಳಿಸುವಾಗ ಆ ಲಾಗ್‌ನ ಹತ್ತು ಸಾಲು ಜೊತೆಗಿರಲಿ.